ಹುಸೇನಬೀಯ ಪಂಪಿನ ಪಾಲು

ಖಾನಾಪುರದಲ್ಲಿ ಮಲಪ್ರಭೆಯ ಕಡೆಗೆ ಇಳಿಯುವ ಓಣಿಯ ಕೊನೆಯ ಮನೆ ಹುಸೇನಬೀಯದು. ಸಿಟ್ಟನ್ನು ಒಳಗಿಟ್ಟುಕೊಂಡು ಕುದಿಯುವ ಹೆಂಗಸಲ್ಲ ಅವಳು. ಅಂಗಳಕ್ಕೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಾರ ಮೇಲೆ ಸಿಟ್ಟೋ ಅವರ ಮನೆಯ ಕಡೆಗೇ ಮುಖ ಮಾಡಿ ಮಾತಾಡುವವಳು. ಓಣಿಯವರು ಅವಳನ್ನು ಬಾಯಿಬಡಕಿ ಎನ್ನುತ್ತಿದ್ದರು. ಅನ್ನುವವರಿಗೇನು, ಅಂದುಕೊಳ್ಳಲಿ. ಅವಳ ಬಾಯಿ ಜೋರಾದಾಗಲೆಲ್ಲ ಬಹಳ ಮಟ್ಟಿಗೆ ನ್ಯಾಯ ಅವಳ ಕಡೆಗೇ ಇರುತ್ತಿತ್ತು ಎಂಬ ಮಾತನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ಅವಳು ಹುಟ್ಟಿ ಬೆಳೆದದ್ದು ಬೆಳಗಾವಿ ಪೇಟೆಯಲ್ಲಿ. ಅಪ್ಪ ತಳ್ಳುಗಾಡಿಯಲ್ಲಿ ಹಣ್ಣು ಮಾರುತ್ತಿದ್ದ. ಗಿರಾಕಿ ಹಣ್ಣನ್ನು ಒತ್ತಿ ನೋಡಿ ಹಾಗೇ ಇಟ್ಟು ಹೋದರೆ ಅಪ್ಪ ಸುಮ್ಮನಿರುತ್ತಿದ್ದ, ಮಗಳು ಬಿಡುತ್ತಿರಲಿಲ್ಲ. ಖಾನಾಪುರದ ಗನಿಸಾಬನಿಗೆ ಕೊಟ್ಟು ಮದುವೆ ಮಾಡಿದರು. ಗನಿಸಾಬ ಬೆಳಗಾವಿಯ ಕಾರಖಾನೆಗಳ ಬಡಾವಣೆ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಅಚ್ಚಿಗೆ ಉಸುಕು ತುಂಬುವವನು. ಜೊತೆಗಾರರ ಸಂಗಡ ಅಲ್ಲೇ ಒಂದು ಖೋಲಿ ಹಿಡಿದಿದ್ದ, ವಾರದ ರಜೆಗೆ ಮಾತ್ರ ಮನೆಗೆ ಬರುತ್ತಿದ್ದ. ಬಂದವನು ಊಟ ಮಾಡಿ ಮಲಗಿದರೆ ಎದ್ದು ಬಸ್ಸು ಹಿಡಿಯುವುದೇ. ಹಾಗಾಗಿ ಮನೆಯ ಹಿಂದಿನ ಹೊಲ ಹೆಸರಿಗೆ ಗನಿಸಾಬನದು, ದುಡಿಮೆಗೆ ಹುಸೇನಬೀಯದು. ಮಳೆಗಾಲಕ್ಕೆ ಭತ್ತ, ಭತ್ತ ಎದ್ದ ಮೇಲೆ ಬಾವಿಯ ನೀರಿನ ಮೇಲೆ ಮೆಣಸಿನಗಿಡ. ಅವಳ ಹಸಿಮೆಣಸಿನಕಾಯಿ ಬೆಳಗಾವಿ ಮಾರ್ಕೆಟ್ಟಿಗೆ ಹೋದರೆ ಬುಟ್ಟಿ ಇಳಿಸುವುದರೊಳಗೆ ಖಾಲಿಯಾಗುತ್ತಿತ್ತು.

ಬಾಜೂಮನೆಯವಳು ಗೌರವ್ವ, ಭರಮಣ್ಣನ ಹೆಂಡತಿ. ಭರಮಣ್ಣ ಓಣಿಗೆ ಹಿರಿಯ, ಬಸವಣ್ಣನ ಹೆಸರು ಹೇಳದೆ ತುತ್ತು ಎತ್ತದ ಮನುಷ್ಯ. ಮದುವೆಯಾಗಿ ಬಂದ ವರ್ಷ ರಮಜಾನ್ ಹಬ್ಬಕ್ಕೆ ಹುಸೇನಬೀ ಒಂದು ಡಬರಿ ತುಂಬ ಹಾಲು-ಶಾವಿಗೆಯ ಶೀರಕುರ್ಮಾ ಮಾಡಿ ಗೌರವ್ವನಿಗೆ ಕೊಟ್ಟಳು. ಗೌರವ್ವ ಸಂಜೆಗೆ ಡಬರಿಯನ್ನು ಬೂದಿ ಹಚ್ಚಿ ಥಳಥಳ ತಿಕ್ಕಿ ತಂದುಕೊಟ್ಟಳು. ಒಳಗೆ ಏನೂ ಇರಲಿಲ್ಲ. ಕೊಟ್ಟ ಪಾತ್ರೆಯನ್ನು ಬರಿದು ಮಾಡಿ ಹಿಂದಿರುಗಿಸಬಾರದು ಎನ್ನುವುದು ಆ ಸೀಮೆಯಲ್ಲಿ ಎರಡೂ ಮತದವರಿಗೆ ಗೊತ್ತಿದ್ದ ರೀತಿ. ಒಂದು ಹಿಡಿ ಅಕ್ಕಿಯಾಗಲಿ ಒಂದು ಚೂರು ಬೆಲ್ಲವಾಗಲಿ ಒಳಗೆ ಇರಲೇಬೇಕು. ಗೌರವ್ವನಿಗೂ ಗೊತ್ತಿತ್ತು. ಅವತ್ತು ಆಕಳು ಕರು ಹಾಕುವ ಗಡಿಬಿಡಿಯಲ್ಲಿ ಮರೆತಿದ್ದಳು, ಅಷ್ಟೇ.

"ಹಬ್ಬದ ದಿವಸ ನನ್ನ ಮನಿಗೆ ಬರಿದ ಡಬರಿ ತರ್ತೀಯೇನ?" ಹುಸೇನಬೀ ಅಂಗಳಕ್ಕಿಳಿದಳು. "ನಿಮ್ಮ ಮನ್ಯಾಗ ಒಂದ ಚಿಟಿಕಿ ಸಕ್ಕರಿ ಇರಲಿಲ್ಲೇನ? ಒಂದ ಬೆಳ್ಳೊಳ್ಳಿ ಹಾಕಿದ್ರೂ ಸಾಕಿತ್ತಲ್ಲ! ನನ್ನ ಮನಿ ಬರಿದಾಗಲಿ ಅಂತ ಕೊಟ್ಟಿಯೇನ?"

ಗೌರವ್ವ ಬಾಗಿಲಲ್ಲೇ ನಿಂತು ಅತ್ತುಬಿಟ್ಟಳು. ಅವತ್ತಿನಿಂದ ಹುಸೇನಬೀಯ ಮನೆಗೆ ಯಾವ ವಸ್ತುವೂ ಬರಿದಾಗಿ ಬರಲಿಲ್ಲ. ಮೊರ ಒಯ್ದವರು ಮೊರದಲ್ಲಿ ಎರಡು ಹಿಡಿ ಜೋಳ ಹಾಕಿ ತಂದರು. ಕೊಡಲಿ ಒಯ್ದವರು ಕೊಡಲಿಯ ಜೊತೆ ನಾಲ್ಕು ನಿಂಬೆಹಣ್ಣು ತಂದರು. ಏಣಿ ಒಯ್ದಿದ್ದ ಅದೇ ಓಣಿಯ ಸಿದರಾಯ ಏನು ಮಾಡಬೇಕೆಂದು ತಿಳಿಯದೆ ಏಣಿಯ ಮೆಟ್ಟಿಲಿಗೆ ಒಂದು ಬದನೆಕಾಯಿ ಕಟ್ಟಿ ಕಳಿಸಿದ. ಓಣಿ ನಕ್ಕಿತು. ಹುಸೇನಬೀ ನಗಲಿಲ್ಲ, ಬದನೆಕಾಯಿ ಬಿಚ್ಚಿ ಪಲ್ಯ ಮಾಡಿದಳು.

ಸಾವಿರದ ಒಂಬೈನೂರ ಎಂಬತ್ತರ ಆಸುಪಾಸಿನಲ್ಲಿ ಆ ಕಡೆಗೆಲ್ಲ ಗಿಡದ ಟಾನಿಕ್ ಬಂತು. ಬೆಳಗಾವಿಯ ಬೀಜ-ಗೊಬ್ಬರದ ಅಂಗಡಿಯವನೊಬ್ಬ ಕೈಯಗಲದ ಬಾಟಲಿ ಮುಂದಿಟ್ಟು, ಇದು ಗೊಬ್ಬರವಲ್ಲ, ಹುಳದ ಔಷಧವೂ ಅಲ್ಲ, ಗಿಡಕ್ಕೆ ಹೂ ಉದುರಿಸಬೇಡ ಎಂದು ಒಳಗಿನಿಂದ ಹೇಳುವ ರಸ ಎಂದು ವರ್ಣಿಸಿದ. ಮೆಣಸಿನಗಿಡದ ದೊಡ್ಡ ರೋಗವೇ ಅದು. ಹೂ ಹಿಡಿಯುತ್ತದೆ, ಒಣಗಾಳಿ ಬೀಸಿತೆಂದರೆ ಅರ್ಧಕ್ಕರ್ಧ ನೆಲಕ್ಕೆ ಉದುರುತ್ತದೆ. ಹುಸೇನಬೀ ನಂಬಲಿಲ್ಲ. ನಂಬದೆಯೇ ಒಂದು ಬಾಟಲಿ ತಂದು, ಸುಳ್ಳಾದರೆ ಅಂಗಡಿಗೆ ಹೋಗಿ ಜಗಳ ಮಾಡಿದರಾಯಿತೆಂದು ಒಂದೇ ಸಾಲಿಗೆ ಕಸಬರಿಗೆ ಅದ್ದಿ ಚಿಮುಕಿಸಿದಳು. ಆ ಸಾಲಿನ ಹೂ ಉದುರದೆ ನಿಂತಿತು. ಗೊಂಚಲು ಗೊಂಚಲು ಕಾಯಾಯಿತು. ಜಗಳಕ್ಕೆಂದು ಕೂಡಿಸಿಟ್ಟ ಮಾತೆಲ್ಲ ಹೊಗಳಿಕೆಗೆ ಖರ್ಚಾಯಿತು. ಓಣಿಯ ಹೆಂಗಸರನ್ನು ಕೈಹಿಡಿದು ಕರೆತಂದು ತೋರಿಸಿದಳು, ಅವರೂ ಟಾನಿಕ್ ತಂದರು.

ಹೊಡೆಯಲು ಪಂಪು ಬೇಕಲ್ಲ. ಗನಿಸಾಬ, ಭರಮಣ್ಣ, ಸಿದರಾಯ ಮೂವರೂ ಪಾಲು ಹಾಕಿ ಬೆನ್ನಿಗೆ ಹೊರುವ ಹಿತ್ತಾಳೆಯ ಪಂಪೊಂದನ್ನು ಅದೇ ಅಂಗಡಿಯಲ್ಲಿ ಕೊಂಡರು. ಪಾಳಿಯ ಮೇಲೆ ಮನೆಯಿಂದ ಮನೆಗೆ ತಿರುಗಬೇಕೆಂದು ಮಾತಾಯಿತು. ಗನಿಸಾಬನ ಪಾಳಿ ಬಂದಾಗ ಗನಿಸಾಬ ಉದ್ಯಮಬಾಗದಲ್ಲಿ ಉಸುಕಿನೊಳಗೆ ಇರುತ್ತಿದ್ದ. ಹುಸೇನಬೀ ಪಂಪನ್ನು ತಾನೇ ಬೆನ್ನಿಗೇರಿಸಿದಳು. ಹೆಂಗಸು ಪಂಪು ಹೊತ್ತದ್ದನ್ನು ನೋಡಲು ಮಂದಿ ಬೇಲಿಗೆ ಬಂದು ನಿಂತರು. "ನಿಮಗ ಮಾಡಾಕ ಬ್ಯಾರೆ ಕೆಲಸ ಇಲ್ಲೇನ?" ಎಂದು ಅವಳು ಕೇಳಿದಳು. ನಿಜವಾಗಿಯೂ ಇರಲಿಲ್ಲ, ಆದ್ದರಿಂದ ನಿಂತೇ ಇದ್ದರು.

ಪಂಪು ಗೌರವ್ವನ ಮನೆಯಿಂದ ಬರುವಾಗ ತಳದಲ್ಲಿ ಯಾವಾಗಲೂ ಒಂದಿಷ್ಟು ಔಷಧ ಉಳಿದಿರುತ್ತಿತ್ತು. ಪಂಪೂ ಒಂದು ಪಾತ್ರೆಯೇ. ಔಷಧ ದುಬಾರಿ ವಸ್ತು, ಅದರಲ್ಲೂ ಒಂದು ತಂಬಿಗೆ ಬಿಟ್ಟು ಕೊಡುವುದೆಂದರೆ ಬೆಲ್ಲಕ್ಕಿಂತ ಹೆಚ್ಚಿನ ಮರ್ಯಾದೆ. ಹುಸೇನಬೀ ಪಂಪನ್ನು ಅಲುಗಾಡಿಸಿ, ಒಳಗಿನ ಸಪ್ಪಳ ಕೇಳಿ, "ಹಿಂಗಿರಬೇಕು" ಎನ್ನುತ್ತಿದ್ದಳು. ಅದರ ಮೇಲೆಯೇ ನೀರು ಸುರಿದು, ಬಾಟಲಿಯ ಮುಚ್ಚಳದಲ್ಲಿ ಅಳೆದ ಟಾನಿಕ್ ಹಾಕಿ ಹೊಡೆಯುತ್ತಿದ್ದಳು. ಉಳಿದದ್ದು ಅದೇ ಟಾನಿಕ್ಕೋ ಹುಳದ ಔಷಧವೋ ಆಗಿರುತ್ತಿತ್ತು, ಅದರಿಂದ ಏನೂ ಕೆಡುತ್ತಿರಲಿಲ್ಲ.

ಕೆಟ್ಟದ್ದು ಮೂರನೆಯ ವರ್ಷ. ಮೆಣಸಿನಗಿಡ ಮೊಣಕಾಲುದ್ದ ಬಂದು ಮೈತುಂಬ ಹೂ ಹೊತ್ತಿತ್ತು. ಹುಸೇನಬೀ ಎಂದಿನಂತೆ ಓಣಿಯ ಕಡೆಯ ಸಾಲಿನಿಂದ ಶುರುಮಾಡಿ ಬಾವಿಯ ಕಡೆಗೆ ಹೊಡೆದು ಮುಗಿಸಿದಳು. ಮರುದಿನ ನೋಡಿದರೆ ಓಣಿಯ ಕಡೆಯ ಗಿಡಗಳು ಕತ್ತು ತಿರುಚಿಕೊಂಡು ನಿಂತಿದ್ದವು. ವಾರ ತುಂಬುವುದರೊಳಗೆ ಚಿಗುರೆಲೆ ಅಗಲ ಕಳೆದುಕೊಂಡು ದಾರದಂತಾದವು, ಕಾಂಡ ಬಾತು ಸೀಳಿತು, ಹೂವೆಲ್ಲ ಮಣ್ಣುಪಾಲಾಯಿತು. ಹಾದುಹೋಗುವವರೆಲ್ಲ ನಿಂತು ನೋಡಿ ಲೊಚಗುಟ್ಟಿದರು. ಬಾವಿಯ ಕಡೆಯ ಗಿಡಗಳು ಕಾಯಿ ಹಿಡಿದು ಬಾಗಿದ್ದವು. ಅಷ್ಟು ದೂರ ಕಾಲು ಸವೆಸುವವರು ಯಾರು? ಬೇಲಿಯಿಂದ ಕಂಡದ್ದೇ ಸತ್ಯವಾಯಿತು.

ಸಿದರಾಯ ಭರಮಣ್ಣನ ಕಟ್ಟೆಯ ಮೇಲೆ ಕುಳಿತು ತೀರ್ಪು ಕೊಟ್ಟ. "ಟಾನಿಕ್ ಬಾಳ ಸುರವ್ಯಾಳ. ಹೆಂಗಸರ ಕೈಯಾಗ ಪಂಪು ಕೊಟ್ರ ಹಿಂಗ ಆಕ್ಕೇತಿ. ನಾಳೆ ನಮ್ಮ ಬೆಳಿಗೂ ಕುತ್ತು. ಗನಿಸಾಬನ ಪಾಲು ತಿರುಗಿ ಕೊಟ್ಟ ಬಿಡೂಣು, ಪಂಪು ಆ ಮನಿಗೆ ಬ್ಯಾಡ."

ಭರಮಣ್ಣ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಪಂಪನ್ನು ಒಳಗೆ ಒಯ್ದಿಟ್ಟುಕೊಂಡ.

ರಜೆಗೆ ಬಂದ ಗನಿಸಾಬ, "ಹೋಗ್ಲಿ ಬಿಡು, ಪಂಪಿಗಾಗಿ ಮಂದಿ ಕೂಡ ಯಾಕ ಕೆಡಿಸ್ಕೊಳ್ಳೂದು" ಎಂದ.

"ಬಿಡು?" ಹುಸೇನಬೀ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಟಾನಿಕ್ ಮೊದಲ ತಂದಾಕಿ ನಾನು. ಓಣಿಗೆಲ್ಲಾ ಕಲಿಸಿದಾಕಿ ನಾನು. ಈಗ ನನ್ನ ಕೈಯಾಗಿಂದ ಕಸಗೊಂಡು ಅವರು ಹೊಡ್ಕೋತಾರ, ನಾ ಬೇಲಿ ಬಾಜು ನಿಂತು ನೋಡಬೇಕು? ಪಂಪು ಹೋತಂದ್ರ ಮುಂದಿನ ವರ್ಷ ಹೂ ಉದುರಿದಾಗ ನೀ ಬಂದು ಕೈಲೆ ಹಚ್ಚಿ ಅಂಟಸ್ತೀಯೇನ?"

ಗನಿಸಾಬ ಬೆಳಗಿನ ಬಸ್ಸಿಗೆ ಉದ್ಯಮಬಾಗಕ್ಕೆ ಹೋದ. ಅದರ ಹಿಂದಿನ ಬಸ್ಸಿಗೆ ಹುಸೇನಬೀ ಬೆಳಗಾವಿಗೆ ಹೊರಟಳು. ಮಡಿಲಲ್ಲಿ ಟಾನಿಕ್ಕಿನ ಬಾಟಲಿ, ಕೈಯಲ್ಲಿ ಒದ್ದೆ ಗೋಣಿ ಸುತ್ತಿದ ತಿರುಚಿದ ಮೆಣಸಿನಗಿಡ. ಕಂಡಕ್ಟರ್ ಗಿಡಕ್ಕೂ ಟಿಕೆಟ್ ತಗೊಳ್ಳಬೇಕೆಂದು ಚೇಷ್ಟೆ ಮಾಡಿದ. ಅವಳು ಅವನನ್ನು ನೋಡಿದ ನೋಟಕ್ಕೆ ಮುಂದಿನ ಬಾಗಿಲಿಗೆ ಸರಿದುಹೋದ.

ಅಂಗಡಿಯವನು ಗಿಡವನ್ನು ಮುಟ್ಟಿ ಕೂಡ ನೋಡಲಿಲ್ಲ. "ಸಾರಿಗೆ ಉಪ್ಪು ಹಾಕಿಧಂಗ ಹಾಕ್ತೀರಿ. ಓದಾಕ ಬರೂದಿಲ್ಲ, ಕೇಳೂ ಬುದ್ಧಿ ಇಲ್ಲ. ಆಮ್ಯಾಲ ನಮ್ಮ ಮಾಲು ಖೊಟ್ಟಿ ಅಂತೀರಿ."

"ಎರಡ ವರ್ಷ ಇದ ಮುಚ್ಚಳಲೇ ಅಳದೀನಿ. ಆವಾಗ ಬುದ್ಧಿ ಇತ್ತು, ಈಗ ಹೋತೇನ್ರಿ?" ಹುಸೇನಬೀ ಹಣದ ಗಲ್ಲೆಯ ಮೇಲೆ ಬಾಟಲಿ ಕುಕ್ಕಿದಳು.

ಅವನು ಹಿಂದಿದ್ದ ಗಿರಾಕಿಯನ್ನು ಮುಂದೆ ಕರೆದ. ಎರಡು ವರ್ಷ "ಬರ್ರಿ ಅಕ್ಕಾರ, ಕುಂದರ್ರಿ, ಚಹಾ ತಗೋರಿ" ಎಂದಿದ್ದ ಬಾಯಿ ಅದೇ. ಮಾರುವಾಗ ಅಕ್ಕ, ಮಾರಿದ ಮೇಲೆ ಬುದ್ಧಿಯಿಲ್ಲದವಳು. ಇಂಥವರ ಅಂಗಡಿಗಳು ಹಾಳಾಗುವುದೂ ಇಲ್ಲ, ಒಂದಕ್ಕೆ ಎರಡಾಗುತ್ತವೆ.

ಅಲ್ಲಿಂದ ಕೇಳುತ್ತ ಕೇಳುತ್ತ ಅವಳು ಕೃಷಿ ಇಲಾಖೆಯ ಕಚೇರಿಗೆ ಬಂದಳು. ಸಾಹೇಬರು ಮೀಟಿಂಗಿನಲ್ಲಿದ್ದರು. ಹೊರಗಿನ ಬೆಂಚಿನ ಮೇಲೆ ಕುಳಿತು ಗಿಡಕ್ಕೆ ನೀರು ಚಿಮುಕಿಸುತ್ತ, ಹೋಗುವವರಿಗೂ ಬರುವವರಿಗೂ ಕೇಳಿಸುವಂತೆ ಅಂಗಡಿಯವನನ್ನು ಬೈಯುತ್ತಿದ್ದಳು. ಒಳಗಿನ ಮೇಜಿನಲ್ಲಿ ಕೆಲಸ ಮಾಡುತ್ತಿದ್ದ ಕಾಂತಾ ಎಂಬ ಹುಡುಗಿ, ಹೊಸದಾಗಿ ನೌಕರಿಗೆ ಸೇರಿದವಳು, ಬೈಗುಳದ ನಡುವೆ ಗಿಡದ ಸುದ್ದಿ ಕೇಳಿ ಹೊರಗೆ ಬಂದಳು. ಗೋಣಿ ಬಿಡಿಸಿ ಎಲೆಯನ್ನು ಬೆರಳಿಗೆ ಸುತ್ತಿಕೊಂಡು ನೋಡಿದಳು.

"ಎಲ್ಲಾ ಸಾಲೂ ಹಿಂಗ ಆಗ್ಯಾವೇನ್ರಿ ಅಕ್ಕಾರ?"

"ಎಲ್ಲೀದು! ಓಣಿ ಕಡೀವಷ್ಟ. ಬಾವಿ ಕಡೀವು ಬಂದು ನೋಡ್ರಿ, ಕಾಯಿ ಅಂದ್ರ ಕಾಯಿ. ಒಬ್ಬಾಂವರ ಆ ಕಡಿ ಹೋಗಿ ನೋಡ್ಯಾನ?"

"ಹೊಡ್ಯಾಕ ಶುರು ಮಾಡಿದ್ದು ಯಾವ ಕಡಿಯಿಂದ?"

"ಓಣಿ ಕಡಿಯಿಂದ."

"ಹಂಗಾರ ಕೆಟ್ಟಿದ್ದು ಮೊದಲನೇ ಪಂಪಿಂದು. ಟಾನಿಕ್ ಜಾಸ್ತಿ ಆಗಿದ್ರ ಎಲ್ಲಾ ಕಡಿ ಒಂದ ನಮೂನಿ ಕೆಡಬೇಕಾಗಿತ್ತು." ಕಾಂತಾ ಗಿಡವನ್ನು ಕೆಳಗಿಟ್ಟಳು. "ನಿಮ್ಮ ಕಡಿ ಬರೂಕಿಂತ ಮೊದಲ ಪಂಪು ಯಾರ ಮನ್ಯಾಗಿತ್ತು? ಅವರು ಏನು ಹೊಡದಿದ್ರು?"

"ನಮ್ಮ ಭರಮಣ್ಣ ಕಾಕಾರ ಮನ್ಯಾಗ. ಕಬ್ಬಿನ್ಯಾಗ ಕಸ ಬಾಳ ಆಗಿತ್ತಂತ, ಅದನ್ನ ಸುಡೂ ಔಷಧ ಹೊಸಾದು ಅದ ಅಂಗಡಿಯಿಂದ ತಂದಿದ್ರು."

ಕಾಂತಾ ತಿಳಿಸಿ ಹೇಳಿದಳು. ಕಳೆ ಸುಡುವ ಆ ಔಷಧವೂ ಹೂ ಉದುರದಂತೆ ನಿಲ್ಲಿಸುವ ಟಾನಿಕ್ಕೂ ದಾಯಾದಿಗಳಂತೆ. ಎರಡೂ ಗಿಡದ ಬೆಳವಣಿಗೆಯನ್ನೇ ಹಿಡಿದು ಆಡಿಸುತ್ತವೆ. ಟಾನಿಕ್ ಮುಚ್ಚಳದಷ್ಟು ಹೋದರೆ ಹೂ ತೊಟ್ಟಿಗೆ ನಿಲ್ಲುತ್ತದೆ. ಕಳೆ ಔಷಧ ಹೋದರೆ ಗಿಡ ಹುಚ್ಚುಹುಚ್ಚಾಗಿ ಬೆಳೆದು, ತಿರುಚಿ, ತನ್ನನ್ನು ತಾನೇ ಸೀಳಿಕೊಂಡು ಸಾಯುತ್ತದೆ. ಕಬ್ಬಿಗೆ, ಜೋಳಕ್ಕೆ ಅದು ತಾಗುವುದಿಲ್ಲ. ಮೆಣಸಿನಗಿಡಕ್ಕೆ ಅದರ ಗಾಳಿ ಸೋಕಿದರೂ ಸಾಕು.

"ಪಂಪು ತೊಳದ ಕೊಟ್ಟಿದ್ರೇನ್ರಿ?"

"ತಳದಾಗ ಒಂದ ತಂಬಿಗಿ ಇತ್ರಿ."

"ಅದನ್ನ ಚೆಲ್ಲಲಿಲ್ಲ ನೀವು?"

"ಹೆಂಗ ಚೆಲ್ಲೂದ್ರಿ?" ಹುಸೇನಬೀ ಕಣ್ಣರಳಿಸಿ ಕೇಳಿದಳು. "ಮಂದಿ ಬಿಟ್ಟ ಕೊಟ್ಟಿದ್ದನ್ನ?"

ಕಾಂತಾ ಗಿಡವನ್ನು ಮತ್ತೆ ಗೋಣಿಯಲ್ಲಿ ಸುತ್ತಿಕೊಟ್ಟಳು. ವಾಷಿಂಗ್ ಸೋಡಾ ಹಾಕಿ ಮೇಲಿಂದ ಮೇಲೆ ತೊಳೆಯಬೇಕು, ಆದರೆ ಕಳೆ ಔಷಧಕ್ಕೆ ಬೇರೆ ಪಂಪೇ ಇಡುವುದು ಒಳ್ಳೆಯದು ಎಂದು ಹೇಳಿ ಒಳಗೆ ಹೋದಳು.

ಬಸ್ ಸ್ಟ್ಯಾಂಡಿಗೆ ಹೋಗುವ ದಾರಿ ಬಿಟ್ಟು ಹುಸೇನಬೀ ಮತ್ತೆ ಅಂಗಡಿಗೆ ನುಗ್ಗಿದಳು. "ಭರಮಣ್ಣ ಕಾಕಾಗ ಕಸದ ಔಷಧ ಕೊಟ್ಟಾವ್ರು ನೀವ. ನಮ್ಮದು ಒಂದ ಪಂಪು ಅಂತ ಗೊತ್ತಿತ್ತಲ್ಲ? ಒಂದ ಮಾತು ಹೇಳಾಕ ನಿಮ್ಮ ಬಾಯಿಗೆ ಏನಾಗಿತ್ತು?"

"ಡಬ್ಬಿ ಮ್ಯಾಲ ಬರದಾರಲ್ಲ."

"ಯಾವ ಭಾಷಾದಾಗ?"

"ಇಂಗ್ಲೀಷಿನ್ಯಾಗ."

"ಭರಮಣ್ಣ ಕಾಕಾಗ ಇಂಗ್ಲೀಷು ಬರತೈತೇನ? ನಿಮ್ಮಪ್ಪಗ ಬರತೈತೇನ? ದರಾ ಹೇಳೂದು ಕನ್ನಡದಾಗ, ಇಲ್ಲಾ ಮರಾಠಿದಾಗ, ಬೇಕಾದ್ರ ಉರ್ದುದಾಗೂ ಹೇಳ್ತೀರಿ. ಸಾಯೂ ಸುದ್ದಿ ಮಾತ್ರ ಇಂಗ್ಲೀಷಿನ್ಯಾಗ!" ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಮ್ಮ ತಮ್ಮ ಡಬ್ಬಿ ತಿರುಗಿಸಿ ನೋಡತೊಡಗಿದರು. ಅಂಗಡಿಯವನು "ಅಕ್ಕಾರ, ಅಕ್ಕಾರ" ಎನ್ನುತ್ತ ಚಹಾ ತರಿಸಲು ಹೊರಟ. ತಿರುಚಿದ ಗಿಡವನ್ನು ಅವನ ಗಲ್ಲೆಯ ಮೇಲೆ ಒಗೆದು ಅವಳು ಹೊರಬಿದ್ದಳು.

ಬಸ್ಸಿನುದ್ದಕ್ಕೂ ಭರಮಣ್ಣನಿಗೆ ಏನೇನು ಅನ್ನಬೇಕೆಂದು ಕೂಡಿಸುತ್ತಲೇ ಬಂದಳು. ಹಿರಿಯ ಮನುಷ್ಯ. ಗಿಡ ಸುಡುವ ಔಷಧ ಎಂದು ಗೊತ್ತಿದ್ದೇ ತಂದದ್ದು, ಗೊತ್ತಿದ್ದೇ ತೊಳೆಯದೆ ಕೊಟ್ಟದ್ದು. ಕೊನೆಗೆ ಸಿದರಾಯ ತನ್ನ ಮೇಲೆ ತಪ್ಪು ಹೊರಿಸುವಾಗ ಕಲ್ಲಿನಂತೆ ಕುಳಿತದ್ದು. ಖಾನಾಪುರ ಬಂದಾಗ ಅವಳು ಮನೆಗೆ ಹೋಗಲಿಲ್ಲ, ನೇರ ಭರಮಣ್ಣನ ಕಟ್ಟೆಗೆ ಹೋದಳು. ಸಿದರಾಯನೂ ಅಲ್ಲೇ ಇದ್ದ, ಒಳ್ಳೆಯದೇ ಆಯಿತು.

ಕಾಂತಾ ಹೇಳಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ, "ಕಾಕಾ, ನಿಮ್ಮ ಹೊಟ್ಟ್ಯಾಗ ಏನಿತ್ತು? ನನ್ನ ಬೆಳಿ ಸುಡಬೇಕಂತ ಇತ್ತೇನ? ತೊಳದ ಕೊಡಾಕ ನಿಮ್ಮ ಕೈಗೇನು ಬ್ಯಾನಿ?" ಎಂದಳು.

ಭರಮಣ್ಣ ತಲೆ ಎತ್ತಲಿಲ್ಲ. "ತೊಳ್ಯಾಕ ಹೊಂಟಿದ್ದೆ, ತಂಗಿ" ಎಂದ.

"ಮತ್ತ? ನಡುವ ಯಾರರ ಕೈ ಹಿಡದ್ರೇನ?"

"ನಾ ಹಿಡದೆ." ಗೌರವ್ವ ಬಾಗಿಲಲ್ಲಿ ನಿಂತಿದ್ದಳು, ರೊಟ್ಟಿ ಬಡಿಯುತ್ತಿದ್ದ ಕೈಯಲ್ಲಿ ಹಿಟ್ಟು ಹಾಗೇ ಇತ್ತು. "ಅವರು ಪಂಪು ಬೋರಲ ಹಾಕಾಕ ಹೊಂಟಿದ್ರು. ನಾನ ಬ್ಯಾಡಂದೆ. ಪೂರ್ತಿ ಚೆಲ್ಲಬ್ಯಾಡ್ರಿ, ಅದು ಹುಸೇನಬೀ ಮನಿಗೆ ಹೋಗೂದೈತಿ, ಬರಿದ ಹೋದ್ರ ಆಕಿ ಅಂಗಳಕ್ಕ ಬಂದು ನಿಂದರ್ತಾಳ ಅಂದೆ. ನನಗೇನು ಗೊತ್ತವ್ವಾ? ಔಷಧ ಅಂದ್ರ ಎಲ್ಲಾ ಒಂದ ಅನಕೊಂಡೆ. ಉಳಿದಿದ್ದು ಸ್ವಲ್ಪ ಇತ್ತಂತ ನಾನ ಡಬ್ಬ್ಯಾಗಿಂದು ಮತ್ತಷ್ಟು ಹಾಕಿ ಒಂದ ತಂಬಿಗಿ ಮಾಡಿ ಕಳಿಸೀನಿ."

ಇಷ್ಟು ವರ್ಷಗಳ ಹಿಂದಿನ ಥಳಥಳಿಸುವ ಡಬರಿ ಹುಸೇನಬೀಯ ಕಣ್ಣಮುಂದೆ ಬಂತು, ಬಾಗಿಲಲ್ಲಿ ನಿಂತು ಅಳುತ್ತಿದ್ದ ಗೌರವ್ವನೂ ಬಂದಳು. ಬಸ್ಸಿನಲ್ಲಿ ಕೂಡಿಸಿ ತಂದ ಮಾತುಗಳಲ್ಲಿ ಒಂದೂ ಈಗ ಉಪಯೋಗಕ್ಕೆ ಬರುವಂತಿರಲಿಲ್ಲ. ಗೌರವ್ವನ ಮೇಲೆ ಸಿಟ್ಟು ಮಾಡಲು ಹೋದರೆ ಅದು ತಿರುಗಿ ತನ್ನ ಅಂಗಳಕ್ಕೇ ಬರುತ್ತಿತ್ತು. ಅವಳಿಗೆ ಅಳು ಬರುವಂತಾಯಿತು.

ಆ ಹೊತ್ತಿಗೆ ಸಿದರಾಯ ಕಿಸಕ್ಕನೆ ನಕ್ಕ. ಅವನು ನಗದಿದ್ದರೆ ಹುಸೇನಬೀ ಬಹುಶಃ ಸುಮ್ಮನೆ ಮನೆಗೆ ಹೋಗುತ್ತಿದ್ದಳು.

"ನಗಬ್ಯಾಡ ಸಿದರಾಯಾ! ಹೆಂಗಸರ ಕೈಯಾಗ ಪಂಪು ಬ್ಯಾಡ ಅಂದ್ಯಲ್ಲ? ಔಷಧ ಮಾರಿದಾಂವ ಗಂಡಸು. ತಂದಾಂವ ಗಂಡಸು. ಬಾವಿ ಕಡಿ ಹೋಗಿ ನೋಡಲಾರದ ಕಟ್ಟಿ ಮ್ಯಾಲ ಕುಂತು ನ್ಯಾಯ ಹೇಳಿದಾಂವ ನೀನು. ನನ್ನ ತಪ್ಪು ನಾ ನೋಡ್ಕೋತೀನಿ. ಗೌರವ್ವಂದು ನಾವಿಬ್ಬರೂ ನೋಡ್ಕೋತೇವಿ. ಅದಕ್ಕ ನನ್ನ ಪಾಲು ಯಾಕ ಹೋಗತೈತಿ? ಹೇಳು, ಯಾಕ ಹೋಗತೈತಿ?"

ಭರಮಣ್ಣ ಎದ್ದು ಒಳಗೆ ಹೋಗಿ ಪಂಪನ್ನು ತಂದು ಅವಳ ಮುಂದಿಟ್ಟ. "ತಗೋ ತಂಗಿ. ಪಾಳಿ ನಿಂದ ಐತಿ."

"ಹಂಗ ತಗೋಳ್ಳೂದಿಲ್ಲ. ತೊಳದ ಕೊಡ್ರಿ."

ಓಣಿಗೆ ಹಿರಿಯನಾದ ಭರಮಣ್ಣ ಧೋತರ ಎತ್ತಿ ಕಟ್ಟಿ, ಕಟ್ಟೆಯ ಕೆಳಗೆ ಕುಕ್ಕರಗಾಲಿನಲ್ಲಿ ಕುಳಿತ. ಗೌರವ್ವ ಸೋಡಾ ತಂದಳು, ನೀರು ತಂದಳು. ಅವನು ಸೋಡಾ ನೀರು ತುಂಬಿ ಕುಲುಕಿ, ನಳಿಗೆಯಿಂದಲೂ ಹಾಯಿಸಿ ಚೆಲ್ಲಿದ. ಮತ್ತೆ ತುಂಬಿದ, ಮತ್ತೆ ಚೆಲ್ಲಿದ. ಹುಸೇನಬೀ ಮೂಗು ಹಚ್ಚಿ ನೋಡಿ, "ಇನ್ನೂ ವಾಸನಿ ಐತಿ" ಎಂದಳು. ಅವನು ಮತ್ತೆ ತೊಳೆದ. ಸಿದರಾಯನನ್ನು ಬಾವಿಗೆ ನೀರಿಗೆ ಅಟ್ಟಲಾಯಿತು. ಬೇಲಿಗೆ ಮಂದಿ ಬಂದು ನಿಂತರು, ಅವರಿಗೆ ಅವತ್ತೂ ಬೇರೆ ಕೆಲಸ ಇರಲಿಲ್ಲ.

ಕೊನೆಗೆ ಭರಮಣ್ಣ ಪಂಪನ್ನು ಬೋರಲು ಹಾಕಿ, ಒಂದು ಹನಿಯೂ ಇಲ್ಲವೆಂದು ತೋರಿಸಿ, ಎರಡೂ ಕೈಯಿಂದ ಎತ್ತಿ ಕೊಟ್ಟ. ಕೊಡುವ ಹೊತ್ತಿಗೆ ಗೌರವ್ವ ಒಳಗೆ ಓಡಿದಳು. ಬಂದಾಗ ಅವಳ ಕೈಯಲ್ಲಿ ಒಂದು ಬೆಲ್ಲದ ಉಂಡೆ ಇತ್ತು. ಪಂಪಿನ ಬಾಯಿಯವರೆಗೆ ಕೈ ತಂದವಳು ಅಲ್ಲೇ ನಿಲ್ಲಿಸಿದಳು. ಹಾಕುವಂತಿಲ್ಲ, ಹಾಕದೆ ಬಿಡುವಂತೆಯೂ ಇಲ್ಲ. ಒದ್ದೆ ಕೈಯಲ್ಲಿ ಬೆಲ್ಲ ಹಿಡಿದು ಅವಳು ಹುಸೇನಬೀಯ ಮುಖವನ್ನೇ ನೋಡಿದಳು. ಅವಳ ಕಣ್ಣಲ್ಲಿ ಆ ಹಬ್ಬದ ಸಂಜೆಯ ಹೆದರಿಕೆ ಇನ್ನೂ ಇತ್ತು.

"ಅದರಾಗಲ್ಲ" ಎಂದು ಹುಸೇನಬೀ ಗದರಿದಳು. ಗದರಿದವಳೇ ಅಂಗೈ ಚಾಚಿದಳು. "ಇಲ್ಲಿ ಹಾಕು."

ಗೌರವ್ವ ಹಾಕಿದಳು. ಹುಸೇನಬೀ ಇಡೀ ಉಂಡೆಯನ್ನು ಬಾಯಿಗಿಟ್ಟುಕೊಂಡು, ಬರಿದಾದ ಪಂಪನ್ನು ಬೆನ್ನಿಗೇರಿಸಿ ಮನೆಯ ಕಡೆಗೆ ಹೊರಟಳು. ಓಣಿಯುದ್ದಕ್ಕೂ ಬೈಯುತ್ತಲೇ ಹೋದಳು. ಬಾಯಿ ತುಂಬ ಬೆಲ್ಲವಿದ್ದುದರಿಂದ, ಅಂಗಡಿಯವನನ್ನು ಬೈದಳೋ, ಸಿದರಾಯನನ್ನು ಬೈದಳೋ, ತನ್ನನ್ನೇ ಬೈದುಕೊಂಡಳೋ, ಯಾರಿಗೂ ತಿಳಿಯಲಿಲ್ಲ.